200 ಮೈಲಿಯ ಆಚೆ ನೆಲ ನಮ್ಮದು, ನೀರು ಯಾರದು?

ಪ್ರಶ್ನೆ: ಭಾರತ 200 ನಾಟಿಕಲ್ ಮೈಲಿಯ ಆಚೆಗೂ ಸಮುದ್ರದ ಹಕ್ಕು ಕೇಳಿದೆಯಂತೆ. 350 ಮೈಲಿವರೆಗೆ ಸಿಗುತ್ತದೆ ಅಂತಾರೆ. ಸಿಕ್ಕರೆ ಅಲ್ಲಿ ವಿದೇಶಿ ಬೋಟುಗಳ ಮೀನುಗಾರಿಕೆ ನಿಲ್ಲುತ್ತದೆ ಅಲ್ವಾ? ಈ ಗಡಿ ಅಳೆಯುವುದಾದರೂ ಹೇಗೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮೀನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿಲ್ಲುವುದಿಲ್ಲ. 200 ಮೈಲಿ, ಅಂದರೆ ಸುಮಾರು 370 ಕಿ.ಮೀ. ದಾಟಿದ ಮೇಲೆ ಸಿಗುವುದು ಸಮುದ್ರದ ತಳ ಮತ್ತು ಅದರಡಿಯ ನೆಲ ಮಾತ್ರ. ಮೇಲಿನ ನೀರು ಎಲ್ಲ ದೇಶಗಳದ್ದು. ಅಲ್ಲಿ ಈಜುವ ಟ್ಯೂನಾ ನಮ್ಮದಲ್ಲ. ತಳಕ್ಕೆ ಅಂಟಿಕೊಂಡೇ ಬದುಕುವ ಚಿಪ್ಪಿನಂಥ ಜೀವಿ, ಅಡಿಯ ತೈಲ, ಅನಿಲ, ಖನಿಜ ನಮ್ಮದು.

ಇನ್ನು ಅಳತೆ. ಸುಮ್ನೆ ನಕ್ಷೆ ಮೇಲೆ ಗೆರೆ ಎಳೆದು 350 ಎಂದರೆ ಆಗುವುದಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 76ನೇ ವಿಧಿಯಂತೆ, 200ರ ಆಚೆ ಬೇಕೆಂದರೆ ದಡದ ನೆಲವೇ ನೀರಿನಡಿ ಮುಂದುವರಿದಿದೆ ಎಂದು ತೋರಿಸಬೇಕು. ಖಂಡಾವರಣದ, ಅಂದರೆ ದಡದ ಪಕ್ಕದ ಆಳ ಕಡಿಮೆ ಇರುವ ತಳದ ಅಂಚು ದಾಟಿದರೆ ತಳ ಇಳಿಜಾರಾಗಿ ಆಳಕ್ಕೆ ಇಳಿಯುತ್ತದೆ. ಆ ಇಳಿಜಾರಿನ ಬುಡವನ್ನು ಮೊದಲು ಹುಡುಕಬೇಕು. ಬುಡದಿಂದ 60 ಮೈಲಿವರೆಗೆ ಗಡಿ ಹಾಕಬಹುದು. ಇಲ್ಲವೇ ಹೂಳಿನ ದಪ್ಪ ನೋಡಬಹುದು. ಬುಡದಿಂದ ಎಷ್ಟು ದೂರವೋ, ಅದರ ಶೇ 1ರಷ್ಟು ಹೂಳಾದರೂ ಅಲ್ಲಿರಬೇಕು. 200 ಕಿ.ಮೀ. ದೂರದಲ್ಲಿ 2 ಕಿ.ಮೀ. ದಪ್ಪ ಇದ್ದರೆ ಸೈ, ಒಂದೂವರೆ ಇದ್ದರೆ ಇಲ್ಲ.

ದಪ್ಪ ತಿಳಿಯುವ ಕೆಲಸ ಸಣ್ಣದಲ್ಲ. ಹಡಗು ತನ್ನ ಹಿಂದೆ ಕಿಲೋಮೀಟರ್‌ಗಟ್ಟಲೆ ಕೇಬಲ್ ಎಳೆದುಕೊಂಡು ಹೋಗುತ್ತದೆ. ಏರ್‌ಗನ್‌ನಿಂದ ನೀರಿನೊಳಗೆ ಸದ್ದು ಹೊಡೆಯುತ್ತಾರೆ. ಹೂಳಿನ ಒಂದೊಂದು ಪದರಕ್ಕೂ ತಾಗಿ ವಾಪಸ್ ಬರುವ ಸದ್ದನ್ನು ಕೇಬಲ್ ಹಿಡಿಯುತ್ತದೆ. ಇಷ್ಟಾದ ಮೇಲೆ ಬರುತ್ತದೆ ನೀವು ಕೇಳಿದ 350. ಅದು ಹಕ್ಕಲ್ಲ, ಲಗಾಮು: ಸೂತ್ರ ಎಷ್ಟೇ ಕೊಟ್ಟರೂ ದಡದಿಂದ ಅಷ್ಟು ದೂರ ದಾಟುವಂತಿಲ್ಲ. 2500 ಮೀಟರ್ ಆಳದ ಗೆರೆಯಿಂದ 100 ಮೈಲಿ ಎಂಬ ಇನ್ನೊಂದು ಲಗಾಮೂ ಇದೆ. ಸಾಮಾನ್ಯವಾಗಿ ಎರಡರಲ್ಲಿ ಅನುಕೂಲವಾದದ್ದನ್ನು ಆರಿಸಿಕೊಳ್ಳಬಹುದು.

ಬಂಗಾಳ ಕೊಲ್ಲಿಯ ಕತೆಯೇ ಬೇರೆ. ಗಂಗೆ, ಬ್ರಹ್ಮಪುತ್ರ ಸೇರಿ ಹಿಮಾಲಯದ ಮಣ್ಣನ್ನು ಕೋಟ್ಯಂತರ ವರ್ಷ ಅಲ್ಲಿ ತಂದು ಸುರಿದಿವೆ. ಉತ್ತರದಲ್ಲಿ ಹೂಳು 16 ಕಿ.ಮೀ.ಗೂ ಜಾಸ್ತಿ. ಮಾಮೂಲಿ ಸೂತ್ರ ಹಾಕಿದರೆ ಶ್ರೀಲಂಕಾದಂಥ ದೇಶಕ್ಕೆ ಸೇರಬೇಕಾದ, ನೀರಿನಡಿ ಮುಂದುವರಿದ ನೆಲದ ಅರ್ಧಕ್ಕಿಂತ ಜಾಸ್ತಿ ಭಾಗ ಹೊರಗೇ ಉಳಿಯುತ್ತಿತ್ತು. ಶ್ರೀಲಂಕಾ ಇದನ್ನು ಒಪ್ಪಂದದ ಮಾತುಕತೆಯಲ್ಲೇ ಎತ್ತಿ, ಕೊಲ್ಲಿಯ ದಕ್ಷಿಣ ಭಾಗಕ್ಕೆ ಪ್ರತ್ಯೇಕ ನಿಯಮ ಪಡೆಯಿತು. ಅಲ್ಲಿ ಹೂಳು 1 ಕಿ.ಮೀ. ದಪ್ಪ ಇರುವ ಕಡೆಗೆ ಗಡಿ ಹಾಕಬಹುದು. ನೆರೆಯ ಭಾರತಕ್ಕೂ ಇದು ಅನ್ವಯ. ಪುಟ್ಟ ದೇಶವೊಂದು ತನ್ನ ಕಡಲ ತಳ ತಿಳಿದುಕೊಂಡೇ ಮಾತುಕತೆಗೆ ಕೂತಿದ್ದು ನನಗೆ ಬಹಳ ಮೆಚ್ಚುಗೆ.

ಭಾರತ 2009ರ ಮೇ 11ರಂದು ಅರ್ಜಿ ಸಲ್ಲಿಸಿತು. ಅದನ್ನು ನೋಡುವುದು ಇದೇ ಒಪ್ಪಂದದಡಿಯ 21 ತಜ್ಞರ ಆಯೋಗ. ಅದರ ಶಿಫಾರಸಿನಂತೆ ಹಾಕಿದ ಗಡಿ ಅಂತಿಮ. ಆದರೆ ನೆರೆಹೊರೆಯ ದೇಶಗಳ ಗಡಿ ಜಗಳ ತೀರಿಸುವುದು ಅದರ ಕೆಲಸವಲ್ಲ. ಭಾರತ, ಬಾಂಗ್ಲಾದೇಶದ ತಕರಾರನ್ನು 2014ರಲ್ಲಿ ತೀರಿಸಿದ್ದು ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ.

ಹಾಗಾಗಿ ವಿದೇಶಿ ಬೋಟು ಕಂಡರೆ ಜಿಪಿಎಸ್‌ನಲ್ಲಿ ಜಾಗ ನೋಡಿ. ನಮ್ಮ 200 ಮೈಲಿಯ ಒಳಗಿದ್ದರೆ ಕೋಸ್ಟ್ ಗಾರ್ಡ್‌ಗೆ ತಕ್ಷಣ ತಿಳಿಸಿ. ಅಲ್ಲಿ ಮೀನೂ ನಮ್ಮದೇ.