ಅಡುಗೆ ಅಮ್ಮಂದಿರದು, ಮೈಕು ಯಾರದು?

ಪತ್ರ: ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಹೆಣ್ಣುಮಗಳೊಬ್ಬರು ಸಭಾಪಾಲಕರಾಗಿ ಬಂದಿದ್ದಾರೆ. ಮೇ ತಿಂಗಳಲ್ಲಿ ನನ್ನ ಮಗಳ ಮದುವೆ. ಬೇರೆ ಊರಿನ ಅಯ್ಯನವರನ್ನು ಕರೆಸಿ ಮಾಡಿಸಬೇಕೆಂದಿದ್ದೇನೆ. ಹೆಂಗಸರು ಉಪದೇಶ ಮಾಡಬಾರದೆಂದು ಸತ್ಯವೇದವೇ (ಬೈಬಲ್) ಹೇಳಿದೆ. ಇದೆಲ್ಲ ವಿಲಾಯತಿ ಗಾಳಿ. ನಾನು ಹೇಳುವುದು ತಪ್ಪಾ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಹಿರಿಯರೇ, ನಿಮ್ಮ ಕೈಬರಹ ಬಲು ಚಂದ. ಈ ಕಾಲದಲ್ಲಿ ಇನ್‌ಲ್ಯಾಂಡ್ ಲೆಟರ್ ತುಂಬಾ ಶಾಯಿಯಲ್ಲಿ ಬರೆಯುವವರು ಎಷ್ಟು ಜನ ಇದ್ದಾರೆ? ಹಾಗಾಗಿ ಜಗಳವನ್ನೂ ಪ್ರೀತಿಯಿಂದಲೇ ಆಡುತ್ತೇನೆ.

ನಿಮ್ಮ ಕಡೆ ಜನ ಇಲ್ಲ ಅಂತಲ್ಲ. ಯೇಸುವಿನ ಹನ್ನೆರಡು ಮಂದಿ ಅಪೊಸ್ತಲರೂ ಗಂಡಸರೇ ಎಂಬ ವಾದ ಹಳೆಯದು. ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಎಂದು 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕಡ್ಡಿ ಮುರಿದಂತೆ ಹೇಳಿದರು. ಕ್ಯಾಥೊಲಿಕರು ಇವತ್ತಿಗೂ ಹಾಗೇ ನಡೆಯುತ್ತಾರೆ. ಸರಿ, ಅದು ಅವರ ಮನೆಯ ಮಾತು.

ನಿಮ್ಮ ಮನೆಯ ಮಾತಿಗೆ ಬರೋಣ. ನೀವು ಎತ್ತಿದ್ದು ಪೌಲ ತಿಮೊಥೆಯನಿಗೆ ಬರೆದ ಮೊದಲ ಪತ್ರ, 2ನೇ ಅಧ್ಯಾಯ, 12ನೇ ವಚನ. ಮೂರೇ ವಚನ ಮೇಲೆ ಕಣ್ಣಾಡಿಸಿ. ಹೆಂಗಸರು ಜಡೆ ಹೆಣೆದು, ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆಯಿಂದ ಸಿಂಗರಿಸಿಕೊಳ್ಳುವುದು ಬೇಡ ಅಂತ ಅದೇ ಪೌಲ ಬರೆದಿದ್ದಾನೆ. ಮೇ ತಿಂಗಳಿಗೆ ಬಂಗಾರ ತಗೊಂಡಾಯ್ತಾ? 12ನೇ ವಚನ ಕಲ್ಲಿನಲ್ಲಿ ಕೊರೆದದ್ದು, 9ನೇ ವಚನ ಆ ಕಾಲಕ್ಕೆ ಮಾತ್ರ ಅಂದರೆ ಹೇಗೆ? ಅದೇ ಸತ್ಯವೇದದಲ್ಲಿ ಬರುವ ಅಪೊಲ್ಲೋಸ ದೊಡ್ಡ ವಾಗ್ಮಿ. ಅವನನ್ನು ಮನೆಗೆ ಕರೆದೊಯ್ದು ತಿಳಿಹೇಳಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು. ಗಂಡ ಅಕ್ವಿಲನ ಹಿಂದೆ ನಿಂತು ಚಹಾ ಕೊಟ್ಟು ಹೋದಳು ಅಂತ ಎಲ್ಲೂ ಬರೆದಿಲ್ಲ.

ಇನ್ನು ವಿಲಾಯತಿ ಗಾಳಿ. ಇದನ್ನು ಓದಿ ನನಗೆ ನಗು ಬಂತು. ಸಿಎಸ್‌ಐನಲ್ಲಿ ಎಲಿಜಬೆತ್ ಪಾಲ್ ಅವರಿಗೆ ದೀಕ್ಷೆ ಸಿಕ್ಕಿದ್ದು 1976ರಲ್ಲಿ. ಇಂಗ್ಲೆಂಡಿನ ಚರ್ಚು ಹೆಂಗಸರಿಗೆ ದೀಕ್ಷೆ ಕೊಟ್ಟಿದ್ದು 1994ಕ್ಕೆ. ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ ಆಗಿದ್ದು 2013ರಲ್ಲಿ, ಲಂಡನ್ನಿನವರು ಇನ್ನೂ ಮೀಟಿಂಗ್ ಮಾಡುತ್ತಾ ಕೂತಿದ್ದಾಗ. ಅವರಿಗೆ ಮೊದಲ ಮಹಿಳಾ ಬಿಷಪ್ ಸಿಕ್ಕಿದ್ದು 2015ಕ್ಕೆ. ನಿಮ್ಮ ಪಕ್ಕದ ಧಾರವಾಡದಲ್ಲೇ 1970ರಲ್ಲಿ ಮಾತೆ ಮಹಾದೇವಿ ಜಗದ್ಗುರು ಪೀಠ ಏರಿದ್ದರು. ಗಾಳಿ ಬೀಸಿದ್ದು ಯಾವ ಕಡೆಯಿಂದ, ನೀವೇ ಹೇಳಿ.

ನನಗೆ ಅನ್ನಿಸುವುದು ಬೇರೆ. ತಕರಾರು ವಚನದ್ದಲ್ಲ, ಮೈಕಿನದ್ದು. ಒಂದು ಸಭೆಯ ಸುಗ್ಗಿ ಹಬ್ಬಕ್ಕೆ ಹೋಗಿದ್ದೆ. ಬೆಳಗಿನ ಜಾವವೇ ಹೆಂಗಸರು ಈರುಳ್ಳಿ ಹೆಚ್ಚಲು ಕೂತಿದ್ದರು. ಕುಂಬಳಕಾಯಿ, ಕೋಳಿ, ಮನೆಯಲ್ಲೇ ಮಾಡಿದ ಕೇಕು, ಉಪ್ಪಿನಕಾಯಿ ಎಲ್ಲ ಅವರೇ ತಂದದ್ದು. ಹರಾಜು ಕೂಗಿದ್ದು ಗಂಡಸರು. ದುಡ್ಡು ಎಣಿಸಿದ್ದೂ ಅವರೇ. ಕೊನೆಗೆ ಕಾರ್ಯದರ್ಶಿಗಳು ಎಲ್ಲರ ಹೆಸರು ಹಿಡಿದು ವಂದನೆ ಹೇಳಿದರು, ಶಾಮಿಯಾನದವನ ಹೆಸರನ್ನೂ ಬಿಡಲಿಲ್ಲ. ಅಡುಗೆಯವರಿಗೆ ಬಂದದ್ದು ‘ಮತ್ತು ನಮ್ಮ ತಾಯಂದಿರಿಗೆ’ ಅನ್ನುವ ಮೂರು ಪದ. ಸಂಡೇ ಸ್ಕೂಲ್ ನಡೆಸುವುದು, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥನೆ ಮಾಡುವುದು, ಇದೆಲ್ಲ ಉಪದೇಶವಲ್ಲವಾ? ಅದಕ್ಕೆ ಯಾರೂ ವಚನ ಎತ್ತಿದ್ದು ಕಾಣೆ.

ಇನ್ನೊಂದು ಮಾತು, ಸ್ವಲ್ಪ ಬೈಗುಳವೇ ಅಂದುಕೊಳ್ಳಿ. ಇಷ್ಟುದ್ದ ಪತ್ರದಲ್ಲಿ ಮದುವೆ ಯಾರ ಕೈಯಿಂದ ಆಗಬೇಕು ಅಂತ ಮಗಳನ್ನು ಕೇಳಿದ್ದು ಎಲ್ಲೂ ಇಲ್ಲ. ಮೊದಲು ಕೇಳಿ.

ಹಾಗಂತ ಚರ್ಚಿನವರನ್ನೇ ದೂರುವುದೂ ನ್ಯಾಯವಲ್ಲ. ಅವರು ಬಿಷಪ್ ಸ್ಥಾನವನ್ನಾದರೂ ಕೊಟ್ಟರು. ನಮ್ಮ ಕನ್ನಡ ಸಾಹಿತ್ಯ ಪರಿಷತ್ತು ನೋಡಿ. ಸಮ್ಮೇಳನದ ಪಲ್ಲಕ್ಕಿಯಲ್ಲಿ ಮೊದಲ ಬಾರಿ ಹೆಣ್ಣು ಕೂತಿದ್ದು 1974ರ ಮಂಡ್ಯದಲ್ಲಿ, ಜಯದೇವಿತಾಯಿ ಲಿಗಾಡೆ. ಅದು ಮೂರು ದಿನದ ಅಧ್ಯಕ್ಷಗಿರಿ. ಪರಿಷತ್ತಿನ ಅಧ್ಯಕ್ಷರ ಕುರ್ಚಿಗೆ 1915ರಿಂದ ಒಬ್ಬ ಹೆಂಗಸೂ ಆರಿಸಿ ಬಂದಿಲ್ಲ. ಅಲ್ಲಿ ಯಾವ ಪೌಲ ಅಡ್ಡ ಬಂದ? ಪೂರ್ಣಕುಂಭ ಹೊರಲು ಮಾತ್ರ ಪ್ರತಿ ಊರಲ್ಲೂ ಹೆಂಗಸರು ಸಿಗುತ್ತಾರೆ, ಅದೂ ಉರಿಬಿಸಿಲಲ್ಲಿ. ಈ ಮಾತಿಗೆ ಪರಿಷತ್ತಿನವರು ಸಿಟ್ಟಾಗಿ ಪತ್ರ ಬರೆದರೆ ಅದನ್ನೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.