ಒಂದೇ ಸ್ಲೈಡು, ಎರಡು ರಿಪೋರ್ಟು

ಓದುಗರ ಪತ್ರ: ನನ್ನ ತಮ್ಮನಿಗೆ ಕೊಲೊನೊಸ್ಕೋಪಿ ಮಾಡಿ ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆದಿದ್ದ ಒಂದು ಗಂಟನ್ನು, ಪಾಲಿಪ್ ಅನ್ನುತ್ತಾರೆ, ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇದೆ ಎಂದು ಬಂತು. ಕರುಳಿನ ಆ ಭಾಗವನ್ನೇ ಕತ್ತರಿಸಬೇಕು ಎಂದರು. ಅದೇ ಸ್ಲೈಡನ್ನು ಬೆಂಗಳೂರಿಗೆ ಒಯ್ದು ತೋರಿಸಿದರೆ ಕ್ಯಾನ್ಸರ್ ಅಲ್ಲ ಎಂದರು. ಒಂದೇ ಗಾಜಿನ ತುಂಡು ನೋಡಿ ಇಬ್ಬರು ಎರಡು ಮಾತು ಹೇಳಿದರೆ ಇದೆಂಥ ವಿಜ್ಞಾನ? ಮೂವತ್ತೆರಡು ವರ್ಷ ಮೇಷ್ಟ್ರಾಗಿದ್ದವನು ನಾನು. ಇಂಥ ಕೆಲಸವನ್ನು ಕಂಪ್ಯೂಟರಿಗೇ ವಹಿಸಿಬಿಡುವುದು ಒಳ್ಳೆಯದಲ್ಲವೇ? ರಿಪೋರ್ಟುಗಳ ನಕಲು ಜೊತೆಗಿಟ್ಟಿದ್ದೇನೆ.
— ನಿವೃತ್ತ ಶಿಕ್ಷಕರು, ಹಾಸನ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೇ ಇದೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ತಮ್ಮನ ಕರುಳು ಕತ್ತರಿಸುವ ಮಾತು ಬಂದಾಗ ಯಾರಿಗಾದರೂ ಕೈಕಾಲು ಆಡುವುದಿಲ್ಲ. ಆದರೆ ನಿಮ್ಮ ಸಿಟ್ಟು ತಪ್ಪು ಕಡೆ ತಿರುಗಿದೆ ಅಂತ ನನಗೆ ಅನ್ನಿಸುತ್ತದೆ. ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಓದಿ.

ನೀವು ಕಳಿಸಿದ ನಕಲಿನಲ್ಲಿ ಪಾಲಿಪ್ ಬಂದ ಜಾಗ ಸಿಗ್ಮಾಯ್ಡ್ ಎಂದಿದೆ. ಹೊಟ್ಟೆಯ ಎಡಗಡೆ, ಕೆಳಗೆ, ಕರುಳು ಬಾಗುವ ಜಾಗ ಅದು. ಅಲ್ಲಿ ಪಾಲಿಪ್ ಎಷ್ಟೋ ಸಲ ಅಣಬೆಯ ಹಾಗೆ ತೊಟ್ಟಿನ ಮೇಲೆ ಬೆಳೆಯುತ್ತದೆ. ಮಲ ಗಟ್ಟಿಯಾಗಿ ಉಜ್ಜಿಕೊಂಡು ಹೋಗುವಾಗ ತೊಟ್ಟು ತಿರುಚಿಕೊಳ್ಳುತ್ತದೆ, ಒಳಗೆ ರಕ್ತ ಒಸರುತ್ತದೆ. ಆ ಒತ್ತಡಕ್ಕೆ ಮೇಲಿರಬೇಕಾದ ಗ್ರಂಥಿಗಳು ಕೆಳಗಿನ ಪದರಕ್ಕೆ ನುಗ್ಗಿಬಿಡುತ್ತವೆ. ಕ್ಯಾನ್ಸರ್ ಮಾಡುವುದೂ ಇದನ್ನೇ, ಕೆಳಗಿನ ಪದರಕ್ಕೆ ನುಗ್ಗುವುದು. ಸೂಕ್ಷ್ಮದರ್ಶಕದ ಕೆಳಗೆ ಇವೆರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ.

ಹಾಗಾದರೆ ಬೇರೆ ಮಾಡುವುದು ಹೇಗೆ? ಬರೀ ಒತ್ತಡಕ್ಕೆ ಕೆಳಗಿಳಿದ ಗ್ರಂಥಿಗಳು ದುಂಡಗೆ ಗುಂಪಾಗಿರುತ್ತವೆ. ಬೇರಿನ ಮಣ್ಣು ಸಮೇತ ಕಿತ್ತ ಸಸಿಯ ಹಾಗೆ, ತಮ್ಮ ಸುತ್ತಲಿನ ಮೆತ್ತನೆಯ ಅಂಗಾಂಶವನ್ನೂ ಜೊತೆಗೇ ತಂದಿರುತ್ತವೆ. ಪಕ್ಕದಲ್ಲಿ ಹಳೆಯ ರಕ್ತದ ತುಕ್ಕು ಬಣ್ಣದ ಕಲೆ ಇರುತ್ತದೆ. ಕ್ಯಾನ್ಸರಿನ ಗ್ರಂಥಿಗಳು ಹಾಗಲ್ಲ. ಬರಿಮೈಯಲ್ಲಿ, ಅಂಕುಡೊಂಕಾಗಿ ನುಗ್ಗುತ್ತವೆ. ಹೋದಲ್ಲೆಲ್ಲ ಸುತ್ತ ಗಡುಸಾದ ನಾರು ಕಟ್ಟುತ್ತದೆ. ಕೇಳಲು ಸುಲಭ. ಆದರೆ ಗ್ರಂಥಿಗಳು ಒಡೆದು, ಲೋಳೆ ಸೋರಿ, ಊತ ಬಂದು ಎಲ್ಲ ಕಲಸಿಹೋಗಿದ್ದರೆ ಹೇಳುವುದು ತುಂಬಾ ಕಷ್ಟ.

ಇಂಗ್ಲೆಂಡಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚಲು ಸರ್ಕಾರವೇ ತಪಾಸಣೆ ನಡೆಸುತ್ತದೆ. ಮಲದಲ್ಲಿ ರಕ್ತ ಇದ್ದವರನ್ನು ಆರಿಸಿ ಕೊಲೊನೊಸ್ಕೋಪಿ ಮಾಡುತ್ತಾರೆ. ಹೀಗಾಗಿ ತಿರುಚಿಕೊಂಡು ರಕ್ತ ಒಸರುವ ಇಂಥ ಪಾಲಿಪ್‌ಗಳೇ ಅಲ್ಲಿ ಜಾಸ್ತಿ ಸಿಕ್ಕವು. ಸ್ಲೈಡು ನೋಡಿ ರೋಗ ಹೇಳುವ ಡಾಕ್ಟರುಗಳಿಗೆ, ಅಂದರೆ ಪೆಥಾಲಜಿಸ್ಟುಗಳಿಗೆ, ತಲೆನೋವಾಯಿತು. ಕೊನೆಗೆ ಮೂವರು ಅನುಭವಿ ಪೆಥಾಲಜಿಸ್ಟುಗಳ ಒಂದು ಮಂಡಳಿ ಮಾಡಿದರು. ಅನುಮಾನದ ಸ್ಲೈಡುಗಳನ್ನು ಆ ಮೂವರೂ ನೋಡಬೇಕು. ಕ್ಯಾನ್ಸರ್ ಎಂದು ಬರೆದುಬಂದ ಎಷ್ಟೋ ಪಾಲಿಪ್‌ಗಳನ್ನು ಮಂಡಳಿ ಅಲ್ಲ ಎಂದಿತು. ಇನ್ನೊಂದು ಮಾತು ಗಮನಿಸಿ ಮೇಷ್ಟ್ರೇ. ಆ ಮೂವರೊಳಗೂ ಪ್ರತಿ ಸಲ ಒಮ್ಮತ ಬರಲಿಲ್ಲ. ಹಾಗಂತ ಅಲ್ಲಿ ಯಾರೂ ಇದೆಂಥ ವಿಜ್ಞಾನ ಅನ್ನಲಿಲ್ಲ. ಕಷ್ಟದ ಸ್ಲೈಡಿಗೆ ಒಂದು ಜೊತೆ ಕಣ್ಣು ಸಾಲದು ಎಂದು ಒಪ್ಪಿಕೊಂಡು ವ್ಯವಸ್ಥೆ ಮಾಡಿಕೊಂಡರು.

ನೀವೇ ಮೌಲ್ಯಮಾಪನಕ್ಕೆ ಹೋದವರು. ಲೆಕ್ಕದ ಪತ್ರಿಕೆಗೆ ಇಬ್ಬರು ಮೇಷ್ಟ್ರು ಒಂದೇ ಅಂಕ ಕೊಟ್ಟಾರು. ಕನ್ನಡ ಪ್ರಬಂಧಕ್ಕೆ? ಒಬ್ಬರು ನಾಲ್ಕು ಕೊಟ್ಟರೆ ಇನ್ನೊಬ್ಬರು ಆರು ಕೊಡುತ್ತಾರೆ. ಅದಕ್ಕೇ ಅಲ್ವಾ ಮರುಮೌಲ್ಯಮಾಪನ ಅಂತ ಇರುವುದು? ಮಗುವಿನ ಎರಡು ಅಂಕಕ್ಕೆ ಆ ಹಕ್ಕು ಇದೆ ಎಂದು ನೀವು ಒಪ್ಪುತ್ತೀರಿ. ತಮ್ಮನ ಕರುಳಿಗೆ ಬಂದಾಗ ಮಾತ್ರ ಎರಡು ಮತ್ತೆರಡು ನಾಲ್ಕೇ ಆಗಬೇಕು ಅಂತೀರಿ. ನನಗೆ ಬೇಸರವಾಗಿದ್ದು ಇಲ್ಲೇ.

ಈ ಹೊಂದಾಣಿಕೆಯನ್ನು ಅಳೆಯುವುದಕ್ಕೂ ಒಂದು ಲೆಕ್ಕವಿದೆ. ಜೇಕಬ್ ಕೊಹೆನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರಲ್ಲಿ ಕೊಟ್ಟದ್ದು. ಕಪ್ಪಾ ಅನ್ನುತ್ತಾರೆ. ಇಬ್ಬರು ಪೆಥಾಲಜಿಸ್ಟುಗಳು 100 ಸ್ಲೈಡು ನೋಡಿದರು ಅಂದುಕೊಳ್ಳಿ. ಇಬ್ಬರೂ ತಲಾ 80ಕ್ಕೆ ಲೋ ಗ್ರೇಡ್ (ಅಷ್ಟು ಉಗ್ರವಲ್ಲದ್ದು), 20ಕ್ಕೆ ಹೈ ಗ್ರೇಡ್ (ಉಗ್ರವಾದದ್ದು) ಬರೆದರು. 84ರಲ್ಲಿ ಇಬ್ಬರ ಮಾತೂ ಒಂದೇ. ಭೇಷ್ ಅನ್ನಿಸುತ್ತದೆ, ಅಲ್ವಾ? ಆದರೆ ಕಣ್ಣುಮುಚ್ಚಿ ಬರೆದಿದ್ದರೂ ಸುಮಾರು 68ರಲ್ಲಿ ಮಾತು ತಾಳೆಯಾಗುತ್ತಿತ್ತು. ಕಣ್ಣು ಬಿಟ್ಟು ನೋಡಿದ್ದರ ಗಳಿಕೆ ಉಳಿದ 32ರಲ್ಲಿ 16. ಅಂದರೆ ಕಪ್ಪಾ 0.5. ಕರುಳಿನ ಗೆಡ್ಡೆಗೆ ಗ್ರೇಡ್ ಕೊಡುವುದು, ಗೆಡ್ಡೆಯ ಅಂಚಿನಲ್ಲಿ ಮೊಗ್ಗಿನಂತೆ ಕಳಚಿಕೊಂಡ ಜೀವಕೋಶಗಳನ್ನು ಎಣಿಸುವುದು, ಸಣ್ಣ ರಕ್ತನಾಳದೊಳಗೆ ಕ್ಯಾನ್ಸರ್ ಇಳಿದಿದೆಯೇ ಎಂದು ಹೇಳುವುದು, ಈ ಮೂರರಲ್ಲೂ ಹೊಂದಾಣಿಕೆ ಬಹಳ ಸಲ ಸಾಧಾರಣ ಮಟ್ಟದಲ್ಲೇ ನಿಲ್ಲುತ್ತದೆ. ಪೆಥಾಲಜಿಸ್ಟುಗಳು ಇದನ್ನು ಮುಚ್ಚಿಟ್ಟಿಲ್ಲ, ತಾವೇ ಅಳೆದು ಪ್ರಕಟಿಸಿದ್ದಾರೆ. ತಮ್ಮ ತಪ್ಪನ್ನು ತಾವೇ ಲೆಕ್ಕ ಹಾಕಿ ಊರಿಗೆಲ್ಲ ಹೇಳುವ ವೃತ್ತಿಗಳು ಎಷ್ಟಿವೆ, ಹೇಳಿ.

ಅಳೆದ ಮೇಲೆ ತಿದ್ದಿಕೊಂಡಿದ್ದಾರೆ ಕೂಡ. ಆ ಮೊಗ್ಗು ಎಣಿಸುವ ರೀತಿ ಒಬ್ಬೊಬ್ಬರದು ಒಂದೊಂದು ಥರ ಇತ್ತು. 2016ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಸೇರಿ ಒಂದು ನಿಯಮಕ್ಕೆ ಬಂದರು. ಮೊಗ್ಗು ಜಾಸ್ತಿ ಇರುವ ಜಾಗ ಆರಿಸಿ, 0.785 ಚದರ ಮಿಲಿಮೀಟರ್ ಅಳತೆಯಲ್ಲಿ ಎಣಿಸಬೇಕು. ನಾಲ್ಕರವರೆಗೆ ಕಡಿಮೆ, ಐದರಿಂದ ಒಂಬತ್ತು ಮಧ್ಯಮ, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹೆಚ್ಚು. ರಕ್ತನಾಳದ ವಿಷಯದಲ್ಲೂ ಹಾಗೆ. ಕ್ಯಾನ್ಸರ್ ಅಭಿಧಮನಿಯ ಗೋಡೆಯನ್ನು ಹಾಳುಗೆಡವಿದ್ದರೆ ಮಾಮೂಲಿ ಬಣ್ಣದಲ್ಲಿ ಅದು ಕಾಣುವುದೇ ಇಲ್ಲ. ಆಗ ನುರಿತವರು ಒಂಟಿ ಅಪಧಮನಿಯನ್ನು ಹುಡುಕುತ್ತಾರೆ. ಜೋಡಿ ನಾಳಗಳಲ್ಲಿ ಒಂದೇ ಉಳಿದಿದೆ, ಇನ್ನೊಂದರ ಜಾಗದಲ್ಲಿ ದುಂಡನೆಯ ಕ್ಯಾನ್ಸರ್ ಮುದ್ದೆ ಕೂತಿದೆ ಎಂದರೆ ಅನುಮಾನ ಶುರು. ಎಲಾಸ್ಟಿಕ್ ಎಂಬ ಬೇರೆ ಬಣ್ಣ ಹಾಕಿಸಿದರೆ ಮುದ್ದೆಯ ಸುತ್ತ ಕಪ್ಪು ಉಂಗುರ ಎದ್ದು ಕಾಣುತ್ತದೆ, ಕಾಣೆಯಾದ ನಾಳದ ಗೋಡೆ ಅದು. ನೋಡುವ ಕಣ್ಣಿಗೆ ವೇಳೆ ಕೊಟ್ಟರೆ ಎಷ್ಟು ಕಾಣುತ್ತದೆ ನೋಡಿ.

ಕಂಪ್ಯೂಟರ್ ಬೇಡ ಅಂತ ನಾನು ಹೇಳುವುದಿಲ್ಲ. ಎಣಿಸುವ ಕೆಲಸದಲ್ಲಿ ಅದು ದಣಿಯುವುದಿಲ್ಲ, ಬರಲಿ. ಆದರೆ ಅದಕ್ಕೆ ಪಾಠ ಹೇಳಿಕೊಡುವುದು ಇವೇ ಮನುಷ್ಯರ ಕಣ್ಣುಗಳು, ಇವೇ ಸ್ಲೈಡುಗಳು. ನಾಲ್ಕು ಸೆಂಟಿಮೀಟರ್ ಗೆಡ್ಡೆಯನ್ನು ನಾಲ್ಕು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪಕ್ಕೆ ಕೊಯ್ದರೆ ಹತ್ತು ಸಾವಿರ ಪದರ ಬರುತ್ತದೆ. ನಾವು ನೋಡುವುದು ಕೆಲವೇ ಕೆಲವು. ಆ ಕೆಲವು ಯಾವುವು ಎಂದು ಆರಿಸುವುದು ಕೈ.

ಆ ಕೈಯ ಕೆಲಸ ಏನೆಂದು ನನಗೆ ಗೊತ್ತಾಗಿದ್ದು ನಮ್ಮ ಅಕ್ಕನ ಆಪರೇಷನ್ ಆದಾಗ. ಅವಳ ರಿಪೋರ್ಟಿನಲ್ಲಿ 'ಲಿಂಫ್ ನೋಡ್ ನಾಲ್ಕು, ಯಾವುದರಲ್ಲೂ ಕ್ಯಾನ್ಸರ್ ಇಲ್ಲ' ಎಂದಿತ್ತು. ಕ್ಯಾನ್ಸರ್ ಹರಡುವಾಗ ಮೊದಲು ಸೇರುವ ಸಣ್ಣ ಗಂಟುಗಳು ಆ ನೋಡ್‌ಗಳು. ಮನೆಯಲ್ಲಿ ಪಾಯಸ ಮಾಡಿದೆವು. ಆಮೇಲೆ ಬೇರೊಬ್ಬ ಡಾಕ್ಟರಿಗೆ ತೋರಿಸಿದಾಗ ಅವರು ಕನ್ನಡಕ ತೆಗೆದು, "ಬರೀ ನಾಲ್ಕಾ?" ಎಂದರು. ಕರುಳಿನ ಜೊತೆಗಿರುವ ಕೊಬ್ಬಿನಲ್ಲಿ ಕನಿಷ್ಠ 12 ನೋಡ್ ಹುಡುಕಿ ನೋಡಬೇಕು ಅನ್ನುವುದು ನಿಯಮ. ಅದೃಷ್ಟಕ್ಕೆ ಅಕ್ಕನ ಕರುಳಿನ ತುಂಡು ಲ್ಯಾಬಿನಲ್ಲಿ ಫಾರ್ಮಲಿನ್ ಡಬ್ಬಿಯಲ್ಲಿ ಇನ್ನೂ ಇತ್ತು. ಮತ್ತೆ ಹುಡುಕಿಸಿದೆವು. ಅವತ್ತು ನನ್ನನ್ನು ಒಳಗೆ ಬಿಟ್ಟಿದ್ದರು. ಮೂಗು ಸುಡುವ ವಾಸನೆ. ವಯಸ್ಸಾದ ಪೆಥಾಲಜಿಸ್ಟ್ ಒಬ್ಬರು ಹಳದಿ ಕೊಬ್ಬನ್ನು ಬೆರಳಿನಲ್ಲಿ ಚೂರುಚೂರೇ ಹಿಸುಕುತ್ತಾ ಕೂತಿದ್ದರು. ನಮ್ಮಮ್ಮ ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲಿಗೆ ಬೆರಳು ನಿಲ್ಲುತ್ತಿತ್ತಲ್ಲ, ಹಾಗೆ ಅವರ ಬೆರಳು ಅಲ್ಲಲ್ಲಿ ನಿಲ್ಲುತ್ತಿತ್ತು. ಇನ್ನೂ ಹನ್ನೊಂದು ಸಿಕ್ಕವು. ಸಾಸಿವೆಗಿಂತ ತುಸು ದೊಡ್ಡದಾದ ಒಂದರಲ್ಲಿ ಕ್ಯಾನ್ಸರ್ ಇತ್ತು. ಎರಡನೇ ಹಂತ ಅಂದುಕೊಂಡಿದ್ದು ಮೂರನೆಯದಾಯಿತು. ಕೀಮೋ ಕೊಟ್ಟರು. ಅಕ್ಕ ಈ ಬೇಸಿಗೆಯಲ್ಲೂ ಹಲಸಿನ ಹಪ್ಪಳ ಮಾಡಿ ಕಳಿಸಿದ್ದಾಳೆ.

ಅಂದಿನಿಂದ ನನಗೆ ಆ ಕೋಣೆಯವರ ಮೇಲೆ ಗೌರವ, ಅವರನ್ನು ನಡೆಸಿಕೊಳ್ಳುವ ರೀತಿಯ ಮೇಲೆ ಸಿಟ್ಟು. ನೀವು ಕಳಿಸಿದ ಕಾಗದಗಳನ್ನೇ ನೋಡಿ. ಲ್ಯಾಬಿಗೆ ಹೋದ ಮೊದಲ ಫಾರಂನಲ್ಲಿ 'ರೋಗಿಯ ವಿವರ' ಎಂಬ ಜಾಗ ಖಾಲಿ. ಪಾಲಿಪ್‌ಗೆ ತೊಟ್ಟಿತ್ತೋ, ತಿರುಚಿತ್ತೋ, ರಕ್ತ ಹೋಗುತ್ತಿತ್ತೋ, ಒಂದಕ್ಷರ ಇಲ್ಲ. ಆ ಪೆಥಾಲಜಿಸ್ಟ್ ಕತ್ತಲಲ್ಲಿ ಕೂತು ಬರೆದಿದ್ದಾರೆ. ನೀವು ಅವರನ್ನು ಬೈದಿದ್ದೀರಿ, ಫಾರಂ ಖಾಲಿ ಬಿಟ್ಟವರನ್ನು ಬೈದಿಲ್ಲ.

ರೋಗಿಯ ಮಾತಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ಪೆಥಾಲಜಿಸ್ಟ್‌ಗೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಹೇಳಿದಳು: ನಮ್ಮ ಮನೆತನದಲ್ಲಿ ಎಲ್ಲರೂ ಕ್ಯಾನ್ಸರಿನಿಂದಲೇ ಸಾಯುತ್ತಾರೆ, ನಾನೂ ಬೇಗ ಹೋಗುತ್ತೇನೆ. ಬೇರೆಯವರಾಗಿದ್ದರೆ ಸುಮ್ನೆ ಸಮಾಧಾನ ಹೇಳಿ ಕಳಿಸುತ್ತಿದ್ದರು. ವಾರ್ಥಿನ್ ಆ ಮನೆತನದ ವಂಶವೃಕ್ಷ ಬರೆದುಕೊಂಡರು, 1913ರಲ್ಲಿ ಪ್ರಕಟಿಸಿದರು. ಆ ಹೆಂಗಸು ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. ಕರುಳು, ಗರ್ಭಕೋಶದ ಕ್ಯಾನ್ಸರ್ ತರುವ, ಮನೆತನದಲ್ಲಿ ಹರಿದುಬರುವ ಆ ದೋಷವನ್ನು ಇವತ್ತು ಲಿಂಚ್ ಸಿಂಡ್ರೋಮ್ ಅನ್ನುತ್ತೇವೆ. ಕರುಳಿನ ಗೆಡ್ಡೆಯ ಸ್ಲೈಡಿಗೆ ನಾಲ್ಕು ಪ್ರೋಟೀನುಗಳ ಬಣ್ಣ ಹಾಕಿ ಅದರ ಸುಳಿವು ಹಿಡಿಯುತ್ತಾರೆ.

ಈಗ ಎಲ್ಲರಿಗೂ ಆತುರ. ಸಂಜೆಯೊಳಗೆ ರಿಪೋರ್ಟ್ ಮೊಬೈಲಿಗೆ ಬರಬೇಕು. ನಮ್ಮ ಮುದ್ರಣದ ಲೋಕದಲ್ಲೂ ಇದೇ ಆಯಿತು. ನಾನು ಕೆಲಸಕ್ಕೆ ಸೇರಿದಾಗ ಪ್ರತಿ ಪುಟವನ್ನೂ ಇಬ್ಬರು ಓದುತ್ತಿದ್ದರು. ಒಬ್ಬರು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ಮೊದಲು ತೆಗೆದುಹಾಕಿದ್ದು ಆ ಎರಡನೇ ಕುರ್ಚಿಯನ್ನೇ. ಎಷ್ಟೋ ಸಣ್ಣ ಊರಿನ ಲ್ಯಾಬುಗಳಲ್ಲಿ ಒಬ್ಬರೇ ಪೆಥಾಲಜಿಸ್ಟ್, ಪಕ್ಕಕ್ಕೆ ತಿರುಗಿ "ಇದನ್ನೊಂದು ನೋಡ್ರೀ" ಅನ್ನಲು ಯಾರೂ ಇಲ್ಲ. ಆ ಕುರ್ಚಿಗೆ ನಾವ್ಯಾರೂ ದುಡ್ಡು ಕೊಡಲು ತಯಾರಿಲ್ಲ. ಆಪರೇಷನ್ ಮಾಡಿದವರಿಗೆ ಹಾರ ಹಾಕುತ್ತೇವೆ, ರಿಪೋರ್ಟಿನ ಕೆಳಗೆ ಸಹಿ ಮಾಡಿದವರ ಹೆಸರನ್ನು ಓದುವುದೂ ಇಲ್ಲ.

ಇನ್ನು ನಿಮ್ಮ ತಮ್ಮನ ವಿಷಯ. ಒಂದು ಹೌದು, ಒಂದು ಅಲ್ಲ ಆಗಿದೆ. ಚೆನ್ನಾಗಿ ಕಂಡ ಮಾತನ್ನು ಆರಿಸಿಕೊಂಡು ಕೂರಬೇಡಿ, ಮೂರನೆಯವರಿಗೆ ತೋರಿಸಿ. ಕರುಳಿನ ಸ್ಲೈಡುಗಳನ್ನೇ ಹೆಚ್ಚಾಗಿ ನೋಡುವವರು ಯಾರೆಂದು ನಿಮ್ಮ ಡಾಕ್ಟರನ್ನು ಕೇಳಿ. ಮುಜುಗರ ಬೇಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಎರಡನೇ ಅಭಿಪ್ರಾಯ ಪಡೆಯುವ ಹಕ್ಕೂ ಇದೆ. ಸ್ಲೈಡಿನ ಜೊತೆ ಮೇಣದ ಬ್ಲಾಕನ್ನೂ, ಅಂದರೆ ತೆಗೆದ ಪಾಲಿಪ್ಪಿನ ತುಂಡನ್ನು ಹುದುಗಿಸಿಟ್ಟ ಮೇಣದ ಗಟ್ಟಿಯನ್ನೂ, ಲ್ಯಾಬಿನಿಂದ ಕೇಳಿ ತನ್ನಿ, ಅದರಿಂದ ಹೊಸ ಪದರ ಕೊಯ್ದು ನೋಡಬಹುದು. ಎರಡೂ ರಿಪೋರ್ಟು, ಕೊಲೊನೊಸ್ಕೋಪಿಯ ಫೋಟೋ ಎಲ್ಲ ಕೊಡಿ. ಮನೆಯಲ್ಲಿ ಇನ್ನು ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂದು ನೀವೇ ಒಂದು ಹಾಳೆಯಲ್ಲಿ ಬರೆದುಕೊಡಿ, ನಿಮ್ಮ ಅಕ್ಷರ ದುಂಡಗಿದೆ. ಬ್ಲಾಕನ್ನು ಮಾತ್ರ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಮೂರನೆಯವರು ಏನೆಂದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.