ಸ್ಕೂಟರ್ ಓಡಿಸಿದ್ದಕ್ಕೆ ಮಗು ಹೋಗಲಿಲ್ಲ

ಪ್ರಶ್ನೆ: ನನಗೆ 29 ವರ್ಷ. ಎರಡು ವರ್ಷದಲ್ಲಿ ಮೂರು ಸಲ ಬಸಿರಾದೆ. ಮೂರೂ ಸಲ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಈಗ ರಕ್ತಪರೀಕ್ಷೆಯಲ್ಲಿ ಎಪಿಎಲ್‌ಎ ಪಾಸಿಟಿವ್ ಬಂದಿದೆ, ಮುಂದಿನ ಸಲ ದಿನಾ ಹೊಟ್ಟೆಗೆ ಇಂಜೆಕ್ಷನ್ ಬೇಕಂತೆ. ಅತ್ತೆ, ‘ಸ್ಕೂಟರ್ ಓಡಿಸಿ ಕಳಕೊಂಡೆ, ಈಗ ರಕ್ತ ನೀರು ಮಾಡೋ ಔಷಧ ಬೇರೆ’ ಅನ್ನುತ್ತಾರೆ. ಯಜಮಾನರು ಬಾಯೇ ಬಿಡುವುದಿಲ್ಲ. ಎರಡನೇ ಬಸಿರಿನ ಸ್ಕ್ಯಾನ್ ಚಿತ್ರ ಬೀರುವಿನಲ್ಲಿದೆ, ಅದನ್ನೂ ಬಿಸಾಡು ಅನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಸ್ಕೂಟರ್ ಓಡಿಸಿದ್ದಕ್ಕೆ ಗರ್ಭ ಹೋಗುವುದಿಲ್ಲ. ಇದನ್ನು ಮೊದಲು ನೀವು ನಂಬಬೇಕು, ಆಮೇಲೆ ಅತ್ತೆ.

ಎಪಿಎಲ್‌ಎ ಎಂದರೆ ದೇಹ ತನ್ನ ವಿರುದ್ಧವೇ ತಯಾರಿಸಿಕೊಳ್ಳುವ ಪ್ರತಿಕಾಯಗಳು. ಇವು ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತವೆ, ಮಾಸು ಗರ್ಭಕೋಶಕ್ಕೆ ಸರಿಯಾಗಿ ಬೇರೂರಲೂ ಬಿಡುವುದಿಲ್ಲ. ಆದರೆ ಯಾವುದೋ ಸೋಂಕು ಬಂದುಹೋದ ಮೇಲೂ ಇವು ಕೆಲವು ದಿನ ಕಾಣಿಸಿಕೊಳ್ಳಬಹುದು. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಲೇಬೇಕು. ಅಲ್ಲಿಯತನಕ ಮುಂದಿನ ಬಸಿರು ಬೇಡ. ಥೈರಾಯ್ಡ್, ಶುಗರ್ ನೋಡಿಸಿ. ಗಂಡ ಹೆಂಡತಿ ಇಬ್ಬರ ಕ್ರೋಮೋಸೋಮ್ ಪರೀಕ್ಷೆ ಬೇಕೇ ಎಂದೂ ಕೇಳಿ.

ಎರಡನೇ ಸಲವೂ ಪಾಸಿಟಿವ್ ಬಂದರೆ ಸಾಮಾನ್ಯವಾಗಿ ಕೊಡುವುದು ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆ, ಜೊತೆಗೆ ಹೆಪಾರಿನ್ ಇಂಜೆಕ್ಷನ್. ಈ ಚಿಕಿತ್ಸೆಯಲ್ಲಿ 10ರಲ್ಲಿ ಸುಮಾರು 7 ಮಂದಿಗೆ ಮಗು ಕೈಗೆ ಬರುತ್ತದೆ. ಹೆಪಾರಿನ್ ರಕ್ತವನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅದು ಮಾಸನ್ನು ದಾಟಿ ಮಗುವಿಗೆ ಹೋಗುವುದೂ ಇಲ್ಲ. ಅತ್ತೆಗೆ ಈ ಮಾತನ್ನು ಡಾಕ್ಟರ ಬಾಯಿಂದಲೇ ಕೇಳಿಸಿ.

ಸೂಜಿ ಸಣ್ಣದು. ಹೊಕ್ಕುಳಿಂದ ಎರಡು ಇಂಚು ಆಚೆ ಚರ್ಮವನ್ನು ಚಿವುಟಿ ಹಿಡಿದು ಚುಚ್ಚಬೇಕು. ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಚುಚ್ಚಿದ ಜಾಗ ಉಜ್ಜಬೇಡಿ. ಆದರೂ ಎಂಟಾಣೆಯಗಲ ನೀಲಿಗಟ್ಟುತ್ತದೆ, ಹೆದರಬೇಡಿ. ರಕ್ತಸ್ರಾವ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೆರಿಗೆ ನೋವು ಶುರುವಾದರೆ ಆ ದಿನದ ಇಂಜೆಕ್ಷನ್ ತಗೊಳ್ಳದೆ ಹೊರಡಿ.

ನಿಮ್ಮ ಯಜಮಾನರ ಮೌನ ನನಗೆ ಹೆಚ್ಚು ಚಿಂತೆ ತಂದಿದೆ. ಹೋದದ್ದು ಅವರ ಮಕ್ಕಳೂ ಹೌದು. ಬಹುಶಃ ಅಳಲು ಅವರಿಗೆ ಯಾರೂ ಜಾಗ ಕೊಟ್ಟಿಲ್ಲ. ಮುಂದಿನ ಭೇಟಿಗೆ ಕರೆದುಕೊಂಡು ಹೋಗಿ, ಇಂಜೆಕ್ಷನ್ ಕೊಡುವುದನ್ನು ನರ್ಸ್ ಹತ್ತಿರ ಅವರೇ ಕಲಿಯಲಿ. ಅಮ್ಮನಿಗೆ ಉತ್ತರ ಹೇಳುವುದೂ ಅವರ ಕೆಲಸವೇ.

ಸ್ಕ್ಯಾನ್ ಚಿತ್ರ ಬಿಸಾಡಬೇಡಿ. ಆ ಕಾಗದ ವರ್ಷ ಕಳೆದಂತೆ ಮಬ್ಬಾಗುತ್ತದೆ. ಇವತ್ತೇ ಮೊಬೈಲಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.